ಕೇಳದೆ ಕಳೆದ ನಾಲ್ಕು ದಿನ

ನನಗೆ ಕ್ಷಯ ಎಂದು ಖಚಿತವಾದ ದಿನ ನಾನು ಮಾಡಿದ ಮೊದಲ ಕೆಲಸ ಅಮ್ಮನಿಗೆ ಸುಳ್ಳು ಹೇಳಿದ್ದು. ಅಳಲಿಲ್ಲ, ಹರಕೆ ಹೊರಲಿಲ್ಲ. ಲಕ್ಷ್ಮೀಪುರಂನ ಮನೆಗೆ ಹೋಗಿ, ಕೈಕಾಲು ತೊಳೆದು, ಅಮ್ಮನಿಂದ ಎರಡು ಮಾರು ದೂರದಲ್ಲಿ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು, “ಬೊಂಬಾಯಿಗೆ ಹೋಗ್ತಿದೀನಮ್ಮ, ಒಂದು ವರ್ಷದ ತರಬೇತಿ” ಎಂದೆ.

“ಇನ್ನೂ ಎಷ್ಟು ಓದ್ತೀಯೇ ರುಕ್ಕು? ಮದರಾಸಿನಲ್ಲಿ ಎರಡು ವರ್ಷ ಓದಿದ್ದು ಸಾಲ್ದೇನು?” ಎಂದಳು ಅಮ್ಮ. ಆಮೇಲೆ, “ಅದೇನು ದೂರ ಕೂತಿದೀಯ?” ಎಂದಳು. ನೆಗಡಿ ಎಂದೆ. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡುತ್ತಿದ್ದಳು, ಎದುರಿಗೆ ಕೂತವರ ಮುಖದ ಬಣ್ಣ ಅವಳಿಗೆ ಕಾಣುತ್ತಿರಲಿಲ್ಲ. ಆ ಪೊರೆ ಬಂದದ್ದು ಆವತ್ತು ನನಗೆ ಅನುಕೂಲವಾಗಿಯೇ ಕಂಡಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸುಳ್ಳಿಗೆ ಕಾರಣವಿತ್ತು. ನನ್ನ ಅಕ್ಕ ಸರಸು ಇದೇ ರೋಗದಲ್ಲಿ, ಅದೇ ಮನೆಯ ಹಿಂದಿನ ಕೋಣೆಯಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ಹೋಗಿದ್ದಳು. ಅವಳು ಹೋದ ಮೇಲೆ ಅಮ್ಮ ಆ ಕೋಣೆಗೆ ಮೂರು ಸಲ ಸುಣ್ಣ ಹೊಡೆಸಿದ್ದಳು. ಆದರೂ ಅಲ್ಲಿ ಯಾರನ್ನೂ ಮಲಗಲು ಬಿಡುತ್ತಿರಲಿಲ್ಲ. ಇನ್ನೊಬ್ಬ ಮಗಳಿಗೂ ಅದೇ ಎಂದು ಹೇಳಿ ಆ ಜೀವವನ್ನು ಹಿಂಡುವುದು ಬೇಡ ಎಂದು ನಾನೂ ನನ್ನ ತಮ್ಮ ಶ್ರೀಕಂಠನೂ ತೀರ್ಮಾನಿಸಿದೆವು. ತೀರ್ಮಾನಿಸಿದ್ದು ನಾನು, ತಲೆಯಾಡಿಸಿದ್ದು ಅವನು ಎಂದರೆ ಸರಿ. ನಮ್ಮ ಮನೆಯಲ್ಲಿ ಅಪ್ಪ ಹೋದ ಮೇಲೆ ಎಲ್ಲವೂ ಹಾಗೆಯೇ ನಡೆಯುತ್ತಿತ್ತು.

ನಾನು ರೋಗಿಯಾಗಿ ಸೇರಿದ್ದು ನಾನೇ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ. ಮೈಸೂರಿನ ಹೊರಗೆ, ಒಂದು ಧರ್ಮಸಂಸ್ಥೆಯವರು ನಡೆಸುತ್ತಿದ್ದ ನಲವತ್ತು ಹಾಸಿಗೆಗಳ ಸಣ್ಣ ಕ್ಷಯದ ಆಸ್ಪತ್ರೆ. ಈಗ ಅದು ಇಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಸಮಾಜ ಕಾರ್ಯಕರ್ತೆ ಎಂಬ ಹುದ್ದೆ ಊರಿಗೇ ಹೊಸದು. ಏನು ಕೆಲಸ ಎಂದು ಕೇಳಿದವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. ರೋಗಿಗಳು ಅವರೇ ಒಂದು ಹೆಸರು ಕೊಟ್ಟುಕೊಂಡಿದ್ದರು, “ವಿಚಾರ್ಸೋ ಅಮ್ಮಾವ್ರು” ಎಂದು. ಅದು ಸರಿಯಾಗಿಯೇ ಇತ್ತು. ಡಾಕ್ಟರು ಎದೆ ನೋಡುತ್ತಿದ್ದರು, ನಾನು ಮನೆ ವಿಚಾರಿಸುತ್ತಿದ್ದೆ. ತಾಯಿ ಇಲ್ಲಿ ಮಲಗಿದರೆ ಮಕ್ಕಳಿಗೆ ಗಂಜಿ ಯಾರು ಕಾಯಿಸುತ್ತಾರೆ, ಗಂಡ ಕೆಲಸ ಬಿಟ್ಟನೇ, ಮನೆಯ ಮಾಲೀಕ ರೋಗದ ಸುದ್ದಿ ಕೇಳಿ ಜಾಗ ಬಿಡು ಎನ್ನುತ್ತಿದ್ದಾನೆಯೇ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಪುರಸಭೆಯ ಆರೋಗ್ಯ ಸಂದರ್ಶಕಿಯ ಹತ್ತಿರ ಹೋಗಬೇಕು, ಮಹಿಳಾ ಸಮಾಜದವರನ್ನು ಹಾಲಿಗೆ ಕೇಳಬೇಕು, ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮದ ಮೇಲ್ವಿಚಾರಕಿಯ ಮುಂದೆ ಗಂಟೆಗಟ್ಟಲೆ ಕೂರಬೇಕು. ನನ್ನ ಜೊತೆಗೆ ಒಬ್ಬಳು ಸಹಾಯಕಿ ಬಂದಿದ್ದಳು, ನೀಲಮ್ಮ, ತಿರುಮಕೂಡಲು ಕಡೆಯ ಬೇಸಾಯದ ಮನೆಯ ಹುಡುಗಿ. ಓದಿದವಳು, ಆದರೆ ಓದಿದವರ ಠೇಂಕಾರ ಇಲ್ಲದವಳು. ಅವಳಿಗೆ ಕೆಲಸ ಕಲಿಸಿದವಳು ನಾನು.

ಪ್ರತಿ ಸೋಮವಾರ ಬೆಳಿಗ್ಗೆ ಡಾಕ್ಟರು, ಸಿಸ್ಟರು, ನಾವಿಬ್ಬರು ಒಂದೇ ಮೇಜಿನ ಸುತ್ತ ಕೂತು ಕಾಫಿ ಕುಡಿಯುತ್ತ ಒಬ್ಬೊಬ್ಬ ರೋಗಿಯ ವಿಷಯ ಮಾತಾಡುತ್ತಿದ್ದೆವು. ಹಾಗೆ ಕೂರಬೇಕು ಎಂದು ಜಗಳವಾಡಿ ಆ ಪದ್ಧತಿ ತಂದವಳೂ ನಾನೇ. ಅದಕ್ಕೊಂದು ಕಾರಣವಿತ್ತು. ಒಂದು ಸಲ, ಊರಲ್ಲಿ ಮಗು ತೀರಿಕೊಂಡ ಸುದ್ದಿಯನ್ನು ಒಬ್ಬ ಆಯಾ ಗಂಜಿ ಕೊಡುತ್ತಾ ಕೊಡುತ್ತಾ ಆ ಮಗುವಿನ ತಾಯಿಗೆ ಹೇಳಿಬಿಟ್ಟಳು. ಆ ಹೆಂಗಸು ಆ ಹೊತ್ತಿನಲ್ಲೇ ಕೆಮ್ಮಿ ಕೆಮ್ಮಿ ರಕ್ತ ಕಾರಿಕೊಂಡಳು. ಎರಡು ದಿನ ಬದುಕಿದ್ದಳು. ಆಮೇಲೆ ನಾನೊಂದು ಗುರುತು ಮಾಡಿದೆ. ಯಾವ ರೋಗಿಯಿಂದ ಏನನ್ನಾದರೂ ಮುಚ್ಚಿಡಬೇಕಾಗಿದೆಯೋ ಅವರ ಕೇಸು ಕಾಗದದ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಸೊನ್ನೆ. ಅದನ್ನು ಕಂಡವರು, ಆಯಾ ಆಗಲಿ ಡಾಕ್ಟರಾಗಲಿ, ಬಾಯಿ ಬಿಡುವ ಮೊದಲು ನಮ್ಮ ಕೋಣೆಗೆ ಬಂದು ಕೇಳಬೇಕು. ವಿಷಯ ಏನೆಂದು ಕಾಗದದಲ್ಲಿ ಬರೆಯುವ ಹಾಗಿಲ್ಲ. ಇನ್ನೊಂದು ಮಾತೂ ಸೇರಿಸಿದ್ದೆ. ರೋಗಿ ತಾನಾಗಿಯೇ ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಕೂಡದು, ಇದ್ದದ್ದನ್ನು ಹೇಳಬೇಕು. ಡಾಕ್ಟರಿಗೆ ಆ ಕೊನೆಯ ಮಾತು ಇಷ್ಟವಿರಲಿಲ್ಲ. ನಾನು ಹಟ ಹಿಡಿದು ಒಪ್ಪಿಸಿದ್ದೆ.

ಇಷ್ಟೆಲ್ಲ ಜಂಬದಿಂದ ಓಡಾಡಿದ ವರಾಂಡದಲ್ಲೇ ನನಗೊಂದು ಕಬ್ಬಿಣದ ಮಂಚ ಸಿಕ್ಕಿತು, ಒಂಬತ್ತನೇ ನಂಬರು.

ರೋಗಿಯಾದ ಮೊದಲ ವಾರ ನನಗೆ ಬಂದದ್ದು ಭಯಕ್ಕಿಂತ ಹೆಚ್ಚಾಗಿ ಸಿಟ್ಟು. ಕುರ್ಚಿಯಲ್ಲಿ ಕೂತು “ಸ್ವಲ್ಪ ತಾಳ್ಮೆ ಇರಲಿ ಕಣಮ್ಮ” ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ, ಈಗ ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ಸಿಸ್ಟರು ಯಾವಾಗ ಬಂದು ತೆಗೆಯುತ್ತಾರೋ ಎಂದು ಕಾಯುವಾಗ ಆ ತಾಳ್ಮೆ ಎಲ್ಲಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಸೊಂಟಕ್ಕೆ ದಿನ ಬಿಟ್ಟು ದಿನ ಸೂಜಿ. ಹೊಟ್ಟೆ ತೊಳೆಸುವ ಒಂದು ಪುಡಿ, ಅದನ್ನು ನೀರಲ್ಲಿ ಕಲಸಿ ಮೂಗು ಮುಚ್ಚಿಕೊಂಡು ಕುಡಿಯಬೇಕು. ಪ್ರತಿ ಮಂಗಳವಾರ ಪಕ್ಕೆಲುಬಿನ ಸಂದಿಯಲ್ಲಿ ದಬ್ಬಳದಂಥ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು, ಕೆಟ್ಟ ಪುಪ್ಪುಸಕ್ಕೆ ವಿಶ್ರಾಂತಿ ಸಿಗಲಿ ಎಂದು. ಆ ಕೋಣೆಯ ಹೊರಗೆ ಬೆಂಚಿನ ಮೇಲೆ ನಾವು ಏಳೆಂಟು ಹೆಂಗಸರು ಸಾಲಾಗಿ ಕೂರುತ್ತಿದ್ದೆವು. ಒಳಗಿನಿಂದ ಒಬ್ಬರು ಬಂದಾಗ ಅವರ ಮುಖವನ್ನು ನಾವು ನೋಡುತ್ತಿರಲಿಲ್ಲ, ಅವರೂ ನಮ್ಮದನ್ನು ನೋಡುತ್ತಿರಲಿಲ್ಲ.

ಪಕ್ಕದ ಮಂಚದಲ್ಲಿ ಕೆಂಪಮ್ಮ ಇದ್ದಳು. ನಂಜನಗೂಡು ಕಡೆಯ ಹಳ್ಳಿಯವಳು, ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದವಳು. ವರ್ಷದಿಂದ ಅಲ್ಲಿ ಮಲಗಿದ್ದಳು. ನಾನು ವಿಚಾರಿಸುತ್ತಿದ್ದವರಲ್ಲಿ ಅವಳೂ ಒಬ್ಬಳು. ನನ್ನನ್ನು ಮಂಚದ ಮೇಲೆ ಕಂಡು, “ಅಯ್ಯೋ, ನಿಮ್ಗೂ ಬಂದ್ಬುಡ್ತಾ ಅಮ್ಮಾವ್ರೆ?” ಎಂದು ಕಣ್ಣೀರು ಹಾಕಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, “ಇರ್ಲಿ ಬುಡಿ. ಇನ್ಮೇಕೆ ಆ ಪುಡಿ ಎಂಗಿರ್ತದೆ ಅಂತ ನಿಮ್ಗೂ ಗೊತ್ತಾಯ್ತದೆ” ಎಂದಳು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂದದ್ದು ಆವತ್ತು.

ಅಮ್ಮನಿಗೆ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆ. ನಾನು ಬೊಂಬಾಯಿ ನೋಡಿರಲಿಲ್ಲ. ಅಲ್ಲಿ ಸಮುದ್ರ ಇದೆ, ಟ್ರಾಮು ಇದೆ, ಅನ್ನ ಮೈಸೂರಿನ ಹಾಗೆ ಇರುವುದಿಲ್ಲ ಎಂದು ಕೇಳಿದ್ದೆಲ್ಲ ಸೇರಿಸಿ ಬರೆಯುತ್ತಿದ್ದೆ. ಬರೆದ ಕಾಗದವನ್ನು ನೀಲಮ್ಮ ಒಂದು ದಿನ ಪೂರ್ತಿ ಬಿಸಿಲಿಗೆ ಇಟ್ಟು, ಮಾರನೇ ದಿನ ಶ್ರೀಕಂಠನ ಕೈಗೆ ಕೊಡುತ್ತಿದ್ದಳು. ಅವನು ಟಪಾಲು ಬಂತು ಎಂದು ಅಮ್ಮನಿಗೆ ಓದಿ ಹೇಳುತ್ತಿದ್ದ. ನೀಲಮ್ಮನೂ ಆಗಾಗ ಮನೆಗೆ ಹೋಗಿ ಅಮ್ಮನ ಜೊತೆ ಕೂತು ಬರುತ್ತಿದ್ದಳು. “ಮೊನ್ನೆಯ ಕಾಗದ ಮೂರು ಸಲ ಓದಿಸ್ಕೊಂಡ್ರಂತೆ ಅಕ್ಕ. ಅಲ್ಲಿ ಒಳ್ಳೆ ಕಾಫಿಪುಡಿ ಸಿಕ್ತದೋ ಇಲ್ವೋ ಅಂತ ಕೊರಗ್ತಿದ್ರು” ಎಂದು ಬಂದು ಹೇಳುತ್ತಿದ್ದಳು. ಆ ಮಾತುಗಳಿಗಾಗಿ ನಾನು ಕಾಯುತ್ತಿದ್ದೆ. ಹೀಗೆ ಏಳು ತಿಂಗಳು ಕಳೆಯಿತು.

ಏಳನೇ ತಿಂಗಳು ಮುಗಿಯುವ ಹೊತ್ತಿಗೆ ಎದೆಯ ಎಕ್ಸ್‌ರೇ ತೆಗೆದರು. ವಾರವಾದರೂ ಫಲಿತಾಂಶ ಯಾರೂ ಹೇಳಲಿಲ್ಲ. ಮಂಗಳವಾರ ಗಾಳಿ ತುಂಬಿಸಿಕೊಳ್ಳಲು ಒಳಗೆ ಹೋದಾಗ, ನನ್ನ ಕೇಸು ಕಾಗದ ಸಿಸ್ಟರ ಮೇಜಿನ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಕೆಂಪು ಸೊನ್ನೆ.

ಸಿಸ್ಟರು ನನ್ನ ಕಣ್ಣು ಹೋದ ಕಡೆ ನೋಡಿ ಅದರ ಮೇಲೆ ಇನ್ನೊಂದು ಕಾಗದ ಎಳೆದಿಟ್ಟರು. ನಾನೂ ನೋಡದವಳ ಹಾಗೆ ಪಕ್ಕಕ್ಕೆ ತಿರುಗಿ ಮಲಗಿದೆ. ಆವತ್ತು ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ನೀಲಮ್ಮ ಬಂದಳು. ದಿನವೂ ಮಂಚದ ಅಂಚಿನಲ್ಲಿ ಕೂರುವವಳು ಆವತ್ತು ಕಾಲ ಕಡೆ ನಿಂತೇ ಇದ್ದಳು. “ಊಟ ಸೇರ್ತಾ ಅಕ್ಕ? ಇವತ್ತು ಹುಳಿಗೆ ಬೂದುಗುಂಬಳ ಹಾಕಿದ್ರಲ್ಲ” ಎಂದಳು. ರೋಗಿಯಿಂದ ಏನಾದರೂ ಮುಚ್ಚಿಡುವಾಗ ಹತ್ತಿರ ಕೂರಬೇಡ, ಊಟತಿಂಡಿಯ ಮಾತಾಡು ಎಂದು ಅವಳಿಗೆ ಹೇಳಿಕೊಟ್ಟವಳು ನಾನು. ಒಂದಕ್ಷರ ತಪ್ಪದೆ ಪಾಠ ಒಪ್ಪಿಸುತ್ತಿದ್ದಳು.

“ಚೆನ್ನಾಗಿತ್ತು” ಎಂದೆ.

ಅವಳು ಇನ್ನೂ ನಿಂತೇ ಇದ್ದಳು. “ಏನಾದ್ರೂ ಕೇಳೋದಿದ್ಯಾ ಅಕ್ಕ?” ಎಂದಳು. ಅವಳ ತುಟಿ ಒಣಗಿತ್ತು. ನನ್ನ ಬಾಯಿಂದ ಆ ಪ್ರಶ್ನೆ ಬರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಾಳೆ ಎಂದು ಈಗ ಗೊತ್ತು. ಆಗ ನನಗೆ ತೋರಿದ್ದು ಬೇರೆ. ಎಕ್ಸ್‌ರೇ ಕೆಟ್ಟಿದೆ, ಇನ್ನೊಂದು ಪುಪ್ಪುಸಕ್ಕೂ ಹಬ್ಬಿದೆ, ನಾನು ಸಾಯುತ್ತೇನೆ, ಅದನ್ನು ನನಗೆ ಹೇಳಲಾರದೆ ಈ ಹುಡುಗಿ ಒದ್ದಾಡುತ್ತಿದ್ದಾಳೆ. ಇನ್ನೇನಿರುತ್ತದೆ? ನನಗೆ ಬೇರೆ ಯೋಚನೆಯೇ ಬರಲಿಲ್ಲ.

“ಏನಿಲ್ಲ, ನೀನು ಹೋಗು. ಕೆಲಸ ಇರುತ್ತೆ” ಎಂದೆ.

ಅವಳು ಹೋದ ಮೇಲೆ ಕೆಂಪಮ್ಮ ಎದ್ದು ಕೂತಳು. “ಯಾಕವ್ವಾ, ಮಕ ಸುಣ್ಣ ಆಗೋಗದೆ?” ಎಂದಳು. ಅವಳು ನನಗೆ ಅಮ್ಮಾವ್ರೆ ಎನ್ನುವುದನ್ನು ಬಿಟ್ಟು ಅವ್ವ ಎಂದದ್ದು ಅದೇ ಮೊದಲು. ನಾನು ಕಂಡದ್ದನ್ನು ಹೇಳಿದೆ. ಗುರುತಿನ ಅರ್ಥವನ್ನೂ ಹೇಳಿದೆ. ಯಾವ ರೋಗಿಗೂ ಹೇಳಬಾರದ ಮಾತು ಅದು.

ಕೆಂಪಮ್ಮ, “ನಮ್ಮನೆಯವ್ನು ಇನ್ನೊಬ್ಳ ತಂದಿಟ್ಕಂಡಿದ್ನಲ್ಲ, ಆಗ ನಂಗೂ ಅದ್ನೇ ಬರ್ದಿದ್ರಾ?” ಎಂದಳು.

ಹೌದು ಎಂದೆ. ಎರಡು ತಿಂಗಳು ಅವಳಿಂದ ಅದನ್ನು ಮುಚ್ಚಿಟ್ಟಿದ್ದೆ.

“ನಂಗೆ ಗೊತ್ತಿತ್ತು ಕಣ್ರವ್ವ. ದಿನಾ ಮನೆ ವಿಚಾರ ಮಾತಾಡೋರು ಬಂದು ನಿಂತ್ಕಂಡು ಸೊಪ್ಪಿನ ಸಾರು ಎಂಗಿತ್ತು ಅಂದಾಗ್ಲೇ ಗೊತ್ತಾಯ್ತು. ಆದ್ರೆ ಕೇಳ್ನಿಲ್ಲ. ಕೇಳಿದ್ರೆ ನಿಜ ಆಗೋಯ್ತದೆ ಅಂತ ಕೇಳ್ನಿಲ್ಲ. ಆ ಎರಡು ತಿಂಗ್ಳು ನಾನು ಬೆಂದಿದ್ದು ಯಾರಿಗ್ ಯೋಳನಾ?” ಎಂದಳು. ಆಮೇಲೆ, “ನೀವು ಅಂಗ್ ಮಾಡ್ಬೇಡಿ. ಕರ್ದು ಕೇಳ್ಬುಡಿ” ಎಂದಳು.

ಅವಳು ಅಷ್ಟು ತಿಳಿಯಾಗಿ ಹೇಳಿದ ಮೇಲೂ ನಾನು ಕೇಳಲಿಲ್ಲ. ಭಯವಂತೂ ಇತ್ತು. ಅದರ ಮೇಲೆ ಜಂಬ. ಎಲ್ಲರಿಗೂ ತಾಳ್ಮೆ ಹೇಳಿದ ನಾನೇ ದಡಬಡಿಸಿ ಕೇಳಿದರೆ ಡಾಕ್ಟರ ಮುಂದೆ ಏನು ಮಾನ? ರೋಗಿ ಹೇಗೆ ನಡೆದುಕೊಳ್ಳಬೇಕು ಎಂದು ತೋರಿಸಿಕೊಟ್ಟೇ ಸಾಯುತ್ತೇನೆ ಎಂದುಕೊಂಡೆ. ಆಗ ಹಾಗೆಯೇ ಅಂದುಕೊಂಡದ್ದು ನಿಜ.

ಬುಧವಾರ ಪೂರ್ತಿ ನಾನು ಅತ್ತೆ. ನನಗಾಗಿಯೇ ಅತ್ತೆ. ಗುರುವಾರ ಬೆಳಿಗ್ಗೆ ಎದ್ದು ಕೂತು ಮನಸ್ಸು ಗಟ್ಟಿ ಮಾಡಿಕೊಂಡು ಕೆಲಸಕ್ಕಿಳಿದೆ. ನಾನು ನೋಡಿಕೊಳ್ಳುತ್ತಿದ್ದ ಮನೆಗಳ ವಿಷಯವನ್ನು ನೀಲಮ್ಮನಿಗೆಂದು ಒಂದು ನೋಟುಬುಕ್ಕಿನಲ್ಲಿ ಬರೆದೆ. ಯಾರಿಗೆ ಹೆದರಿಸಿ ಹೇಳಬೇಕು, ಯಾರನ್ನು ಪುಸಲಾಯಿಸಬೇಕು, ಆಶ್ರಮದ ಮೇಲ್ವಿಚಾರಕಿಯ ಹತ್ತಿರ ಯಾವ ಹೊತ್ತಿನಲ್ಲಿ ಹೋದರೆ ಕೆಲಸವಾಗುತ್ತದೆ, ಎಲ್ಲವನ್ನೂ. ನನ್ನ ಹಸಿರು ಕೈಮಗ್ಗದ ಸೀರೆಯನ್ನು ಕೆಂಪಮ್ಮನಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ, ಮಂಚದ ಮೇಲೆ ಎಸೆದಳು. ಆಮೇಲೆ ಅಮ್ಮನಿಗೆ ಒಂದು ಕಾಗದ ಬರೆದೆ. ನಾನು ಸತ್ತ ಸುದ್ದಿಯನ್ನು ಶ್ರೀಕಂಠ ಹೇಗೂ ತಕ್ಷಣ ಹೇಳುವುದಿಲ್ಲ, ಮಗಳು ದೂರವಿದ್ದಾಳೆ, ಬರುವುದಿಲ್ಲ ಎಂದು ಅಮ್ಮ ಈಗಲೇ ರೂಢಿ ಮಾಡಿಕೊಂಡರೆ ಒಳ್ಳೆಯದು ಎಂದು ಲೆಕ್ಕ ಹಾಕಿ ಬರೆದ ಕಾಗದ. ಇಲ್ಲಿ ಕೆಲಸ ಹೆಚ್ಚಾಗಿದೆ, ಇನ್ನೂ ಒಂದು ವರ್ಷ ಬರುವುದಕ್ಕಾಗುವುದಿಲ್ಲ, ನನ್ನ ದಾರಿ ನೋಡಬೇಡ, ನಾನು ಸುಖವಾಗಿದ್ದೇನೆ ಎಂದು ಬರೆದೆ. ಮಡಿಸಿ ಲಕೋಟೆಗೆ ಹಾಕಿ ಅಂಟಿಸಿ, ಎಂದಿನಂತೆ ಬಿಸಿಲಿಗೆ ಇಡು ಎಂದು ನೀಲಮ್ಮನ ಕೈಗೆ ಕೊಟ್ಟೆ. ಅವಳು ಆವತ್ತೂ “ಕೇಳೋದೇನಾದ್ರೂ ಇದ್ಯಾ ಅಕ್ಕ?” ಎಂದಳು. ನಾನು ಇಲ್ಲ ಎಂದೆ.

ಶುಕ್ರವಾರ ಡಾಕ್ಟರೇ ಬಂದು ಮಂಚದ ಪಕ್ಕ ನಿಂತರು. ಅವರು ಕಾರಣವಿಲ್ಲದೆ ನಿಲ್ಲುವವರಲ್ಲ. “ರುಕ್ಮಿಣಿಯವರೇ, ಮನೆಯ ಕಡೆ ಯೋಚನೆ ಏನಾದ್ರೂ ಇದೆಯೇ?” ಎಂದರು. ಅಷ್ಟು ಸ್ಪಷ್ಟವಾಗಿ ಅವರು ಮನೆ ಎಂದರು. ನನ್ನ ಕಿವಿ ಅದನ್ನೂ ನನ್ನ ಸಾವಿಗೇ ಜೋಡಿಸಿಕೊಂಡಿತು. “ಎಲ್ಲಾ ವ್ಯವಸ್ಥೆ ಮಾಡಿದೀನಿ ಡಾಕ್ಟರೇ” ಎಂದೆ, ಗಂಭೀರವಾಗಿ. ಅವರು ನನ್ನನ್ನೇ ನೋಡಿ ಹೊರಟುಹೋದರು.

ಆಮೇಲೆ ಮೂರು ವಾರ ಶ್ರೀಕಂಠ ಬರಲಿಲ್ಲ. ಆಫೀಸಿನ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾನೆ ಎಂದರು. ನಾನಂತೂ ಸಾಯುವುದನ್ನು ಕಾಯುತ್ತಿದ್ದೆ. ವಿಚಿತ್ರವೆಂದರೆ ಜ್ವರ ಇಳಿಯುತ್ತಿತ್ತು, ತೂಕ ಏರುತ್ತಿತ್ತು. ದೀಪ ಆರುವ ಮುಂಚೆ ಒಂದು ಸಲ ಉರಿಯುತ್ತದಲ್ಲ, ಹಾಗೆ ಎಂದುಕೊಂಡೆ.

ನಾಲ್ಕನೇ ಭಾನುವಾರ ಶ್ರೀಕಂಠ ಬಂದ. ತಲೆಗೆ ಕರಿಯ ಟೋಪಿ ಹಾಕಿಕೊಂಡಿದ್ದ. ಅವನು ಟೋಪಿ ಹಾಕುವವನಲ್ಲ. ಹತ್ತಿರ ಬಂದು ಕಿತ್ತಳೆ ಹಣ್ಣಿನ ಚೀಲ ಇಟ್ಟಾಗ ನೋಡಿದೆ, ಮೀಸೆ ಇರಲಿಲ್ಲ, ಕಿವಿಯ ಹಿಂದೆ ಕೂದಲು ಆಗತಾನೆ ಚಿಗುರುತ್ತಿತ್ತು. ಅಪ್ಪ ಹೋಗಿ ಹದಿನೈದು ವರ್ಷವಾಗಿತ್ತು. ಇನ್ಯಾರಿಗಾಗಿ ಅವನು ತಲೆ ಬೋಳಿಸಿಕೊಂಡಾನು?

“ಟೋಪಿ ತೆಗಿ” ಎಂದೆ.

ಅವನು ತೆಗೆಯಲಿಲ್ಲ. ಮಂಚದ ಕಂಬಿ ಹಿಡಿದು ನಿಂತುಕೊಂಡು, “ಅಕ್ಕ, ನೀನು ಗಾಬರಿ ಆಗ್ಬಾರ್ದು ಅಂತ ಡಾಕ್ಟರು...” ಎಂದು ಶುರುಮಾಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಾನು ರಕ್ತ ಕಾರಲಿಲ್ಲ. ಕಿರುಚಲೂ ಇಲ್ಲ. ಕೆಂಪಮ್ಮ ತನ್ನ ಮಂಚದಿಂದಿಳಿದು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ರೋಗಿಗಳು ಒಬ್ಬರನ್ನೊಬ್ಬರು ಮುಟ್ಟಕೂಡದು ಎಂಬ ನಿಯಮವಿತ್ತು. ಸಿಸ್ಟರು ನೋಡಿ ಆಚೆ ತಿರುಗಿಕೊಂಡರು.

ಆಮೇಲೆ ಎಲ್ಲವೂ ತಿಳಿಯಿತು. ನಾನು ಕೆಂಪು ಗುರುತು ಕಂಡ ಮಂಗಳವಾರಕ್ಕೆ ಎರಡು ದಿನ ಮೊದಲು, ಭಾನುವಾರ, ಅಮ್ಮನಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ಮಾತ್ರ ಉಳಿದಿತ್ತು. ಸೋಮವಾರದ ಮೇಜಿನ ಮುಂದೆ ಶ್ರೀಕಂಠನೂ ಬಂದು ಕೂತಿದ್ದನಂತೆ. ರುಕ್ಮಿಣಿಗೆ ಹೇಳಿ, ಜಟಕಾದಲ್ಲಿ ಕರೆದುಕೊಂಡು ಹೋಗಿ, ಬೀದಿಯಲ್ಲಿ ನಿಲ್ಲಿಸಿ ಕಿಟಕಿಯಿಂದಲಾದರೂ ತೋರಿಸೋಣ ಎಂದು ನೀಲಮ್ಮ ಹೇಳಿದಳಂತೆ. ಎದೆಯ ಗಾಯ ಈಗಷ್ಟೇ ಮುಚ್ಚುತ್ತಿದೆ, ಈ ಸುದ್ದಿಯ ಪೆಟ್ಟು ಬೇಡ, ನಿಯಮ ಮಾಡಿದವರೇ ಅವರಲ್ಲವೇ ಎಂದು ಡಾಕ್ಟರು ಹೇಳಿದರಂತೆ. ಕೊನೆಗೆ ನಿಯಮದಲ್ಲಿ ಇದ್ದದ್ದಕ್ಕೇ ಎಲ್ಲರೂ ಒಪ್ಪಿದರು. ನಾನು ಕೇಳಿದರೆ ಹೇಳುವುದು, ಕೇಳಿದ ಕ್ಷಣವೇ ಕರೆದೊಯ್ಯುವುದು. ಜಟಕಾದವನಿಗೆ ಹೇಳಿಯೂ ಇಟ್ಟಿದ್ದರು. ಮಂಗಳವಾರದಿಂದ ಶುಕ್ರವಾರದವರೆಗೆ ಅವನು ದಿನವೂ ಗೇಟಿನ ಹತ್ತಿರ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದನಂತೆ. ಅಮ್ಮ ಹೋದದ್ದು ಶನಿವಾರ ಮಧ್ಯಾಹ್ನ.

ನನ್ನ ಎಕ್ಸ್‌ರೇ ಚೆನ್ನಾಗಿತ್ತು. ಅದನ್ನು ಹೇಳಲು ಯಾರಿಗೂ ನೆನಪಾಗಿರಲಿಲ್ಲ.

ನಾನು ನೀಲಮ್ಮನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಡಾಕ್ಟರನ್ನು ಬೈದೆ, ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯಬೇಕಾಗಿದ್ದದ್ದು ಯಾರನ್ನು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮತ್ತೆ ಆರು ತಿಂಗಳಿಗೆ ಕಫದಲ್ಲಿ ರೋಗ ಕಾಣಲಿಲ್ಲ. ಕೆಂಪಮ್ಮ ನನಗಿಂತ ಮೊದಲೇ ಮನೆಗೆ ಹೋಗಿದ್ದಳು. ಹೋಗುವಾಗ ಆ ಹಸಿರು ಸೀರೆಯನ್ನು ಕೇಳಿ ತೆಗೆದುಕೊಂಡು, “ಈಗ ಉಟ್ಕಬೋದು” ಎಂದಳು.

ವರ್ಷ ಕಳೆದು ಕೆಲಸಕ್ಕೆ ವಾಪಸು ಬಂದೆ. ಮೊದಲ ಸೋಮವಾರವೇ ಕೆಂಪು ಪೆನ್ಸಿಲಿನ ಪದ್ಧತಿ ಬೇಡ ಎಂದೆ. ಡಾಕ್ಟರು ಒಂದೇ ಮಾತಿಗೆ ಒಪ್ಪಿದರು. ಹಾಗಾದರೆ ಏನು ಮಾಡೋಣ ಎಂದು ಸಿಸ್ಟರು ಕೇಳಿದರು. ರೋಗಿ ಕೇಳಲಿ ಎಂದು ಕಾಯುವುದು ಬೇಡ, ನಾವೇ ಹೋಗಿ ಹತ್ತಿರ ಕೂತು, “ಮನೆಯಿಂದ ಒಂದು ಸುದ್ದಿ ಬಂದಿದೆ, ಈಗ ಹೇಳಲೋ ಆಮೇಲೆ ಹೇಳಲೋ” ಎಂದು ಕೇಳೋಣ ಎಂದೆ. ಹಾಗೆ ಮಾಡಿದೆವು. ಕೆಲವರು ಈಗ ಬೇಡ ಎಂದರು. ಹೆಚ್ಚಿನವರು ಈಗಲೇ ಹೇಳಿ ಎಂದರು. ಅತ್ತರು, ಜ್ವರವೂ ಏರಿತು, ನಾವು ಪಕ್ಕದಲ್ಲೇ ಕೂತಿದ್ದೆವು. ಇದನ್ನು ಓದುವವರಲ್ಲಿ ಯಾರಾದರೂ ಇಂಥ ಮಂಚದ ಮೇಲೆ ಮಲಗಿದ್ದರೆ, ಸುತ್ತಲಿನವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನ್ನಿಸಿದರೆ, ದಯವಿಟ್ಟು ಕೇಳಿಬಿಡಿ. ನಿಮಗೆ ತೋಚುವ ಭಯವೇ ನಿಜವಾದ ಸುದ್ದಿ ಎಂದು ತಿಳಿಯಬೇಡಿ. ಇಷ್ಟು ಹೇಳುವುದಕ್ಕೇ ಇದನ್ನು ಬರೆಯಲು ಕೂತೆ. ಆದರೆ ಇನ್ನೊಂದು ಮಾತಿದೆ, ಅದನ್ನು ಬಿಟ್ಟರೆ ಬರೆದದ್ದು ಅರ್ಧ ಸುಳ್ಳಾಗುತ್ತದೆ.

ನೀಲಮ್ಮನಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ನಮ್ಮ ಕೋಣೆಗೆ ಬಂದು ಎದುರಿಗೆ ಕೂತಳು. ಐದು ವರ್ಷ ಜೊತೆಗಿದ್ದವಳು, ನಾನು ಬೈದರೂ ಎದುರಾಡದವಳು. ಏನೋ ಹೇಳಲು ಬಂದಿದ್ದಾಳೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಏನಿದೆ ಹೇಳು ನೀಲಾ” ಎಂದೆ. “ನಾನು ಕೇಳ್ತಿದೀನಿ.”

“ಆ ಗುರುವಾರ ನೀವು ಕೊಟ್ಟ ಕಾಗ್ದ ಅಕ್ಕ” ಎಂದಳು. “ನಾನು ಒಡೆದು ನೋಡಿರ್ನಿಲ್ಲ. ಶುಕ್ರವಾರ ಸಾಯಂಕಾಲ ಮನೆಗೆ ತಗೊಂಡೋದೆ. ಶ್ರೀಕಂಠನವರು ಡಾಕ್ಟರನ್ನ ಕರ್ಕೊಂಡ್ ಬರೋಕೆ ಹೋಗಿದ್ರು. ಅಮ್ಮ ನನ್ನ ಹೆಜ್ಜೆ ಸದ್ದು ಕೇಳಿ ‘ರುಕ್ಕು ಬಂದ್ಯಾ’ ಅಂದ್ರು. ಬೊಂಬಾಯಿಗೆ ತಂತಿ ಕೊಟ್ಟಿದೀವಿ, ಬರ್ತಾಳೆ ಅಂತ ಶ್ರೀಕಂಠನವರು ಅಮ್ಮಂಗೆ ಹೇಳಿದ್ರಂತೆ. ಭಾನುವಾರದಿಂದ ಹಜಾರದಲ್ಲೇ ಹಾಸಿಸ್ಕೊಂಡು ಬೀದಿ ಬಾಗ್ಲು ತೆಗ್ಸೇ ಇಟ್ಟಿದ್ರು. ನಾನಮ್ಮ, ನೀಲ ಅಂದೆ. ಅವ್ಳ ಕಾಗದ ಬಂತಾ ಅಂದ್ರು. ಬಂದಿದೆ ಅಂದ್ಬುಟ್ಟೆ. ನಿಮ್ಮ ಕಾಗ್ದ ಕೇಳಿದ್ರೆ ಸಮಾಧಾನ ಆಯ್ತದೆ ಅಂತ ಒಡೆದೆ.”

“ಒಡೆದು?” ಎಂದೆ.

“ಓದಕ್ಕೆ ಶುರು ಮಾಡ್ದೆ. ಮೊದಲ್ನೇ ಸಾಲೇ, ಇನ್ನೂ ಒಂದು ವರ್ಷ ಬರಕ್ಕಾಗಲ್ಲ ಅಂತ. ಬೇರೆ ಏನಾದ್ರೂ ಕಟ್ಟಿ ಹೇಳ್ಬೇಕಿತ್ತು. ಆದ್ರೆ ಓದುಬರಹ ಬರದೋರ ಕಾಗದ ಓದುವಾಗ ಒಂದಕ್ಷರ ಹೆಚ್ಚುಕಮ್ಮಿ ಮಾಡಕೂಡ್ದು ಅಂತ ನೀವು ನಂಗೆ ಹೇಳಿಕೊಟ್ಟಿದ್ರಿ. ವರ್ಷಗಟ್ಲೆ ಹಂಗೇ ಓದಿದ ನಾಲಿಗೆ ಅಕ್ಕ. ಅದು ನಿಲ್ನಿಲ್ಲ. ಎಲ್ಲಾ ಓದ್ಬುಟ್ಟೆ.”

“ಅಮ್ಮ ಏನಂದ್ಳು?”

ನೀಲಮ್ಮ ನನ್ನ ಎರಡು ಕೈಗಳನ್ನೂ ಹಿಡಿದುಕೊಂಡಳು.

“ತಂತಿ ಸಿಕ್ಕಿದ ಮೇಲೆ ಬರೆದಿದ್ದಾ ಅಂದ್ರು. ನಾನು ಕಾಗ್ದ ಮಡಿಸ್ತಾ ಇದ್ದೆ. ಆಮೇಲೆ ಅವ್ರೇ ‘ಹೋಗ್ಲಿ, ಸುಖವಾಗಿದಾಳಂತಲ್ಲ’ ಅಂದ್ರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದ್ರೆ ಆ ಬಾಗ್ಲು ಹಾಕ್ಬಿಡಮ್ಮ, ಚಳಿ ಆಗುತ್ತೆ’ ಅಂದ್ರು.”

ಇವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳಂತೆ.